ಹ್ಯಾಟಿ ಕೆರೆಗೆ ಒಂದು ರಾತ್ರಿ

ಬಿಗ್ ಪೈನ್
ಜೂನ್ 11, 2003

ಕೊರಿನ್,

ಈ ಕಾಗದವನ್ನು ಡೆಲ್ಬರ್ಟ್ ಕೈಗೆ ಕೊಟ್ಟಿದ್ದೇನೆ. ಹದಿನೈದು ದಿನಕ್ಕೊಮ್ಮೆ ಅವನ ಹೇಸರಗತ್ತೆಗಳು ನಿಮ್ಮ ಬೆಟ್ಟದ ಕ್ಯಾಂಪಿಗೆ ದಿನಸಿ ಹೊರುತ್ತವಲ್ಲ, ಅದರ ಜೊತೆ ಇದೂ ಬರುತ್ತದೆ. ಮಳೆ ಬಂದರೆ ಅವನು ಮೊದಲು ಹಿಟ್ಟಿನ ಮೂಟೆ ಮುಚ್ಚುತ್ತಾನೆ, ಆಮೇಲೆ ಕಾಗದ. ಅಕ್ಷರ ಕಲಸಿಹೋಗಿದ್ದರೆ ಅವನನ್ನೇ ಬೈದುಕೋ.

ನಿನಗೆ ಬರೆದು ನಾಲ್ಕು ವರ್ಷವಾಯಿತು. ನಿಮ್ಮಮ್ಮನನ್ನು ಮಣ್ಣು ಮಾಡಿದ ನಾಲ್ಕನೇ ದಿನಕ್ಕೇ ನೀನು ಮೀನು ಕೊಲ್ಲುವ ಕೆಲಸಕ್ಕೆ ವಾಪಸು ಹೊರಟೆ. ನಾನು ಬಾಗಿಲಲ್ಲಿ ನಿಂತು ಇನ್ನು ಈ ಮನೆಗೆ ಬರಬೇಡ ಎಂದೆ. ಅನ್ನಬಾರದಿತ್ತು ಎಂದು ಈಗಲೂ ಬರೆಯಲು ಕೈ ಬರುವುದಿಲ್ಲ. ಅಂದದ್ದಂತೂ ಹೌದು.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಅಂಗಡಿ ಮುಂದೆ ಡೆಲ್ಬರ್ಟ್ ಸಿಕ್ಕಿದ.

"ಲೈಲ್, ಗೊತ್ತಾಯ್ತಾ? ನಿನ್ನ ಮಗಳು ಹ್ಯಾಟಿ ಕೆರೇಲೂ ಬಲೆ ಬಿಟ್ಟವ್ಳೆ."

"ಯಾವ ಹ್ಯಾಟಿ ಕೆರೆ?"

"ಎಷ್ಟು ಹ್ಯಾಟಿ ಕೆರೆ ಇದಾವಯ್ಯ ಈ ಸೀಮೇಲಿ?"

ನಿಮ್ಮ ಇಲಾಖೆಯ ನಕ್ಷೆಯಲ್ಲಿ ಅದು ಹದಿನೇಳನೇ ನಂಬರಿನ ಸರೋವರ. ನನ್ನ ನಕ್ಷೆಯಲ್ಲಿ ಅದು ನಿಮ್ಮಮ್ಮ. ಐವತ್ತೆಂಟರ ಬೇಸಿಗೆಯಲ್ಲಿ ಇದೇ ಸರ್ಕಾರ ನನಗೆ ಕೂಲಿ ಕೊಟ್ಟು, ಹಾಲಿನ ಕ್ಯಾನುಗಳಲ್ಲಿ ಟ್ರೌಟ್ ಮರಿ ತುಂಬಿಸಿ, ನಾಲ್ಕು ಹೇಸರಗತ್ತೆಗಳ ಮೇಲೆ ಅಲ್ಲಿಗೆ ಕಳಿಸಿತ್ತು. ಅಲ್ಲಿಯವರೆಗೆ ಆ ನೀರಿನಲ್ಲಿ ಒಂದು ಮೀನೂ ಇರಲಿಲ್ಲ. ನಮಗೆ ಮದುವೆಯಾಗಿ ಆಗ ಮೂರು ವಾರ. ಮೀನು ಬಿಟ್ಟವನು ಹೆಸರಿಡಬಹುದು ಎಂದರು, ಹ್ಯಾರಿಯಟ್ ಎಂದು ಇಟ್ಟೆ, ಜನ ಹ್ಯಾಟಿ ಮಾಡಿದರು.

ನನ್ನದೊಂದೇ ಕೋರಿಕೆ. ಎಲ್ಲ ಮುಗಿಯುವ ಮೊದಲು ಒಂದು ರಾತ್ರಿ ಅಲ್ಲಿ ತಂಗಬೇಕು. ಸಂಜೆ ಗಾಳ ಹಾಕುವುದು, ಬೆಳಿಗ್ಗೆ ಕಾಫಿ ಕುಡಿದು ಇಳಿಯುವುದು. ನೀನೂ ಇದ್ದರೆ ಒಳ್ಳೆಯದು. ಎಪ್ಪತ್ತೊಂದು ವಯಸ್ಸಿಗೆ ಒಂಟಿಯಾಗಿ ಆ ಬೆಟ್ಟದ ನಡುವಿನ ಕಂಡಿ ಹತ್ತಿದರೆ ಊರವರು ನಗುತ್ತಾರೆ.

ಲೈಲ್ ಪರ್ಡಿ
(ಅಪ್ಪ)


ಮೇಲಿನ ಕ್ಯಾಂಪ್
ಜೂನ್ 25, 2003

ಅಪ್ಪ,

ಕಾಗದ ಒದ್ದೆಯಾಗದೆ ಬಂತು. ಹಿಟ್ಟು ಒದ್ದೆಯಾಗಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ಸರೋವರದಲ್ಲಿ ಬಲೆ ಬಿಟ್ಟು ಇದು ಮೂರನೇ ಬೇಸಿಗೆ. ಡೆಲ್ಬರ್ಟ್ ನಿಮಗೆ ತಡವಾಗಿ ಹೇಳಿದ್ದಾನೆ. ಸಾವಿರದ ಇನ್ನೂರು ಮೀನು ತೆಗೆದಿದ್ದೇವೆ. ಈಗ ಇಡೀ ನೀರಿನಲ್ಲಿ ಹತ್ತೋ ಹನ್ನೆರಡೋ ಉಳಿದಿರಬಹುದು. ಗಾಳಕ್ಕೆ ಒಂದೂ ಕಚ್ಚದೆ ಹೋಗಬಹುದು. ಹಾಗಾದರೆ ನನ್ನ ಮೇಲೆ ಸಿಟ್ಟಾಗುವುದಿಲ್ಲ ಎಂದು ಮಾತು ಕೊಡಿ, ಆಮೇಲೆ ಹೊರಡಿ.

ಆಗಸ್ಟ್ 16 ಶನಿವಾರ ಇಟ್ಟುಕೊಳ್ಳೋಣ. ಅಷ್ಟು ಹೊತ್ತಿಗೆ ಕಂಡಿಯ ಹಿಮ ಕರಗಿರುತ್ತದೆ, ಸೊಳ್ಳೆಯೂ ಕಡಿಮೆ. ಬೆಳಿಗ್ಗೆ ಐದಕ್ಕೇ ಹತ್ತಲು ಶುರು ಮಾಡಿ. ಮಧ್ಯಾಹ್ನದ ಮೇಲೆ ದಿನಾ ಗುಡುಗುತ್ತದೆ. ಮಧ್ಯಾಹ್ನ ಒಂದರೊಳಗೆ ಕಂಡಿ ದಾಟಿರಬೇಕು. ಪರ್ಮಿಟ್ ಇಬ್ಬರ ಹೆಸರಿನಲ್ಲಿ ನಾನೇ ಮಾಡಿಸುತ್ತೇನೆ. ನೀರಿನಿಂದ ನೂರು ಅಡಿ ದೂರ, ಮರಳಿನ ಚಪ್ಪಟೆ ಜಾಗದಲ್ಲಿ ಮಲಗೋಣ. ಅಷ್ಟು ಎತ್ತರದಲ್ಲಿ ಬೆಂಕಿ ಹಾಕುವಂತಿಲ್ಲ, ಸ್ಟೌ ನಾನು ತರುತ್ತೇನೆ. ತಿನ್ನುವುದೆಲ್ಲ ಕರಡಿಗೆ ಬಿಚ್ಚಲಾಗದ ಡಬ್ಬದೊಳಗೆ ಇರಬೇಕು. ಹಗ್ಗ ಕಟ್ಟಿ ಮರಕ್ಕೆ ನೇತುಹಾಕುವ ನಿಮ್ಮ ಪದ್ಧತಿಯನ್ನು ಇಲ್ಲಿನ ಕರಡಿಗಳು ಕಲಿತು ಇಪ್ಪತ್ತು ವರ್ಷವಾಯಿತು. ನಿಮ್ಮ ಚೀಲ ಇಪ್ಪತ್ತು ಪೌಂಡು ಮೀರದಿರಲಿ.

ಆ ಎರಡು ದಿನ ಬಲೆ ಎತ್ತಿಡುತ್ತೇನೆ. ಇದನ್ನು ಕೇಳಿದಾಗ ನಮ್ಮ ಮೇಲಧಿಕಾರಿ, "ಅಪ್ಪನಿಗೋಸ್ಕರವಾ?" ಅಂದರು. "ಹೌದು" ಅಂದೆ. ಅವರು ದಿನಾಂಕ ಬರೆದುಕೊಂಡರು.

ಕೊರಿನ್


ಬಿಗ್ ಪೈನ್
ಜುಲೈ 9, 2003

ಕೊರಿನ್,

ಮಾತು ಕೊಟ್ಟೆ.

ಚೀಲದ ತೂಕ ನನಗೆ ಹೇಳಿಕೊಡಬೇಡ. ನೀನು ಹುಟ್ಟುವ ಮೊದಲೇ ನಾನು ಈ ಬೆಟ್ಟಕ್ಕೆ ಒಲೆ, ಮಂಚ, ಒಂದು ಸಲ ಪಿಯಾನೋ ಕೂಡ ಹೊರಿಸಿದ್ದೇನೆ. ಆದರೆ ಎಡ ಮಂಡಿ ಈಗ ನನ್ನ ಮಾತು ಕೇಳುವುದಿಲ್ಲ. ಡೆಲ್ಬರ್ಟ್ ತನ್ನ ಮುದಿ ಹೇಸರಗತ್ತೆ ಡಚೆಸ್‌ಳನ್ನು ಕೊಡುತ್ತೇನೆ ಎಂದಿದ್ದಾನೆ. "ಇಬ್ರಿಗೂ ಒಂದೇ ವಯಸ್ಸು, ಒಂದೇ ಬುದ್ಧಿ. ಯಾರು ಯಾರನ್ನ ಹೊಡ್ಕೊಂಡು ಹೋಗ್ತೀರೋ ದೇವರೇ ಬಲ್ಲ" ಎಂದು ಎಲ್ಲರೆದುರು ಆಡಿಕೊಂಡ. ಹೇಸರಗತ್ತೆ ಇದ್ದ ಮೇಲೆ ಇಪ್ಪತ್ತು ಪೌಂಡಿನ ಲೆಕ್ಕ ಬಿಡು. ಹಾಸಿಗೆ, ಬ್ರೆಡ್ಡು, ಬೇಕನ್, ಮೆಕ್ಕೆಜೋಳದ ಹಿಟ್ಟು, ಕಬ್ಬಿಣದ ಬಾಣಲೆ ಎಲ್ಲ ನಾನೇ ತರುತ್ತೇನೆ. ನೀನು ನೀರಿಗೆ ಹಾಕಿ ಊದಿಸಿಕೊಂಡು ತಿನ್ನುವ ಆ ಪುಡಿ ಊಟವನ್ನು ನಿಮ್ಮ ಕ್ಯಾಂಪಿನ ಕೆಲಸದ ಹುಡುಗರಿಗೇ ಇಟ್ಟುಕೋ.

ಗಾಳಕ್ಕೆ ಎರೆಹುಳು ತರಬಹುದೇ, ಅದಕ್ಕೂ ನಿಮ್ಮಲ್ಲಿ ಕಾನೂನು ಉಂಟೇ?

ಡೆಲ್ಬರ್ಟ್ ವಿಷಯ ಬಂದಾಗ ನೆನಪಾಯಿತು. ಆ ಸಲ ನಿಮ್ಮಮ್ಮ ಲಕ್ವ ಹೊಡೆದು ಬಿದ್ದ ಸುದ್ದಿ ಹೇಳಲು ಹೋದವನು, ನೀನು ಸಿಗದೆ ತಾನು ಎರಡು ದಿನ ಅಲೆದೆ ಎಂದಿದ್ದ. ಪಾಪ, ಎಲ್ಲೆಲ್ಲಿ ಅಲೆದನೋ.

ಅಪ್ಪ


ಮೇಲಿನ ಕ್ಯಾಂಪ್
ಜುಲೈ 23, 2003

ಅಪ್ಪ,

ಎರೆಹುಳು ಬೇಡ. ಮೀನಿನ ಮೊಟ್ಟೆಯ ಬಾಟಲಿ ತನ್ನಿ, ಅಥವಾ ಗರಿ ಕಟ್ಟಿ ನೊಣದಂತೆ ಮಾಡಿದ ನಿಮ್ಮ ಹಳೆಯ ಗಾಳ.

ನಿಮಗೆ ಒಂದು ತೋರಿಸಬೇಕು. ಮೀನು ಕಡಿಮೆಯಾದ ಮೇಲೆ ಆ ನೀರಿಗೆ ಕಪ್ಪೆ ವಾಪಸು ಬಂದಿವೆ. ಹಳದಿ ಕಾಲಿನವು. ನಿಮ್ಮ ಟ್ರೌಟು ಬಂದು ಗೊದಮೊಟ್ಟೆಗಳನ್ನು ತಿನ್ನುವ ಮೊದಲು ದಂಡೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಇದ್ದವಂತೆ. ನಾನು ಕೆಲಸಕ್ಕೆ ಸೇರಿದಾಗ ಹನ್ನೊಂದು ಉಳಿದಿದ್ದವು. ಹೋದ ವಾರ ಒಂದೇ ಸುತ್ತಿನಲ್ಲಿ ಮುನ್ನೂರ ನಲವತ್ತು ಎಣಿಸಿದೆ. ಗೊದಮೊಟ್ಟೆಗಳನ್ನು ಎಣಿಸಲು ಆಗಲೇ ಇಲ್ಲ. ಬಿಸಿಲು ಬಿದ್ದ ಬಂಡೆಗಳ ಮೇಲೆ ಸಾಲಾಗಿ ಕೂತಿರುತ್ತವೆ. ನಾನು ಮೀನು ಕೊಲ್ಲುವವಳು ಎಂದಷ್ಟೇ ಊರಿಗೆ ಗೊತ್ತು. ಇದನ್ನೂ ನೀವು ನೋಡಬೇಕು.

ಉಣ್ಣೆಯ ಟೋಪಿ ಮರೆಯಬೇಡಿ. ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಗುಡುಗು ಶುರುವಾದರೆ ಕಂಡಿ ಹತ್ತಬೇಡಿ, ಕೆಳಗಿನ ಹುಲ್ಲುಗಾವಲಿನಲ್ಲೇ ನಿಲ್ಲಿ, ನಾನು ಬಂದು ಕರೆದುಕೊಂಡು ಹೋಗುತ್ತೇನೆ.

ಕೊರಿನ್


ಮೇಲಿನ ಕ್ಯಾಂಪ್
ಆಗಸ್ಟ್ 27, 2003

ಅಪ್ಪ,

ಇಲಾಖೆಗೆ ಬರೆಯಬೇಕಾದ ವರದಿ ಮುಂದಿದೆ. ಅದಕ್ಕೂ ಮೊದಲು ಅದರಲ್ಲಿ ಏನಿರುತ್ತದೆ ಎಂದು ನಿಮಗೆ ಗೊತ್ತಿರಲಿ. ತಪ್ಪಿದ್ದರೆ ತಿದ್ದಿ.

ಆಗಸ್ಟ್ 16ರಂದು ಎರಡು ಗಂಟೆಗೆ ನೀವು ಡಚೆಸ್ ಜೊತೆ ಸರೋವರಕ್ಕೆ ಬಂದಿರಿ. ಬೆವರಿ ಹೋಗಿದ್ದಿರಿ, ತುಟಿ ಬೆಳ್ಳಗಾಗಿತ್ತು. ಹೊರೆ ಇಳಿಸಲು ಬಂದರೆ, "ಮುಟ್ಬೇಡ, ಅದರ ಗಂಟು ನಿಂಗೆ ಬರಲ್ಲ" ಅಂದಿರಿ. ಸಂಜೆ ದೊಡ್ಡ ಬಂಡೆಯ ಮೇಲಿಂದ ಗಾಳ ಹಾಕಿದಿರಿ. ಮುಕ್ಕಾಲು ಗಂಟೆಗೆ ಒಂದು ಮೀನು ಸಿಕ್ಕಿತು. ದೊಡ್ಡ ತಲೆ, ಸಣಕಲು ಮೈ. ಹಿಟ್ಟು ಹಚ್ಚಿ ಬೇಕನ್ ಕೊಬ್ಬಿನಲ್ಲಿ ಕರಿದು ಅರ್ಧರ್ಧ ತಿಂದೆವು. ನಿಮ್ಮ ಅಂಗೈ ಮೇಲೆ ಒಂದು ಕಪ್ಪೆ ಇಟ್ಟೆ. "ಇಷ್ಟೇನಾ? ಇದಕ್ಕಾ ಇಷ್ಟೆಲ್ಲ?" ಅಂದಿರಿ. ಆಮೇಲೆ, "ತಣ್ಣಗಿದೆ ಕಣೇ" ಅಂದಿರಿ. ಬೇಗ ಕೆಳಗಿಳಿಸಲಿಲ್ಲ. ಇದು ವರದಿಯಲ್ಲಿ ಇರುವುದಿಲ್ಲ. ನನಗೋಸ್ಕರ ಬರೆದುಕೊಂಡೆ.

ಆ ಸಂಜೆ ನೀವು ಮೂರು ಸಲ ನೀರು ಒಳಬರುವ ತೊರೆಯ ಕಡೆ ಹೋದಿರಿ. ವಯಸ್ಸಾದವರು, ಪದೇ ಪದೇ ಹೋಗಬೇಕಾಗುತ್ತದೆ ಎಂದುಕೊಂಡೆ.

ಬೆಳಗಾದ ಮೇಲೆ ಕಾಫಿಗೆ ನೀರು ತರಲು ಎದ್ದಾಗ ನಿಮ್ಮ ಹಾಸಿಗೆ ಖಾಲಿ. ನೀವು ತೊರೆಯ ಬಾಯಲ್ಲಿ ಮಂಡಿಮಟ್ಟ ನೀರಿನಲ್ಲಿ ನಿಂತು ಹಾಲಿನ ಕ್ಯಾನನ್ನು ಬಗ್ಗಿಸುತ್ತಿದ್ದಿರಿ. ಮುಚ್ಚಳಕ್ಕೆ ತೂತು ಹೊಡೆದು ರಾತ್ರಿಯಿಡೀ ಅದನ್ನು ತೊರೆಯಲ್ಲಿ ಮುಳುಗಿಸಿಟ್ಟಿದ್ದಿರಿ. ಬೆರಳುದ್ದದ ಟ್ರೌಟ್ ಮರಿಗಳು.

"ಅಪ್ಪಾ, ಏನದು?" ಎಂದು ಕೂಗಿದೆ.

"ನಿಮ್ಮಮ್ಮನ ಕೆರೆ ಇದು. ನೀನು ಬರಿದು ಮಾಡೋದನ್ನ ನೋಡ್ಕೊಂಡು ಕೂರಕ್ಕೆ ಆಗಲ್ಲ."

ನಾನು ಬಟ್ಟೆ ಸಮೇತ ನೀರಿಗೆ ಬಿದ್ದು ಕೈಯಲ್ಲಿ ಹಿಡಿಯಲು ಹೋದದ್ದನ್ನು ನೀವು ನೋಡಿದ್ದೀರಿ. ಒಂದೂ ಸಿಗಲಿಲ್ಲ. ನೀವು ಡಚೆಸ್ ಮೇಲೆ ಹೊರೆ ಹೇರಿ, ಕಾಫಿ ಕುಡಿಯದೆ ಹೊರಟುಹೋದಿರಿ.

ಆ ಮರಿಗಳು ಬಲೆಯ ಕಣ್ಣಿನಲ್ಲಿ ತೂರಿಹೋಗುವಷ್ಟು ಸಣ್ಣವು. ನಾನೂ ಇಬ್ಬರು ಹುಡುಗರೂ ಹತ್ತು ದಿನದಿಂದ ತೊರೆಯಲ್ಲಿ, ದಂಡೆಯ ಕಲ್ಲು ಸಂದಿಯಲ್ಲಿ ಒಂದೊಂದನ್ನೇ ಹಿಡಿಯುತ್ತಿದ್ದೇವೆ. ಇವತ್ತಿಗೆ ನಲವತ್ತೊಂಬತ್ತು. ಗಂಡು ಹೆಣ್ಣು ಎರಡು ಉಳಿದರೂ ಮೂರು ವರ್ಷದ ಕೆಲಸ ನೀರುಪಾಲು.

ಸಿಟ್ಟು ತೋರಿಸಲು ಇದನ್ನು ಬರೆಯುತ್ತಿಲ್ಲ. ನೀವು ಎಷ್ಟು ಮೀನು ಬಿಟ್ಟಿರಿ? ಸಂಖ್ಯೆ ಹೇಳಿ. ಇನ್ನೇನೂ ಕೇಳುವುದಿಲ್ಲ.

ಕೊರಿನ್


ಬಿಗ್ ಪೈನ್
ಸೆಪ್ಟೆಂಬರ್ 10, 2003

ಕೊರಿನ್,

ನಿನಗೆ ಲೆಕ್ಕ ಬೇಕು. ನನ್ನ ಹತ್ತಿರವೂ ಒಂದು ಲೆಕ್ಕ ಇದೆ. ಎರಡು ದಿನ.

ಡೆಲ್ಬರ್ಟ್ ನಿನ್ನನ್ನು ಹುಡುಕುತ್ತಾ ಅಲೆಯಲಿಲ್ಲ. ಅಮ್ಮ ಬಿದ್ದ ದಿನವೇ, ಮಂಗಳವಾರ ಸಂಜೆ, ನಿನ್ನೆದುರು ನಿಂತು ಹೇಳಿದ. ನೀನು ಗುರುವಾರ ಹೊರಟೆ. ಅವನು ಕುಡಿದಿದ್ದಾಗ ಈ ಮಾತು ಅವನ ಬಾಯಿಂದ ಹೊರಬಿದ್ದು ಮೂರು ವರ್ಷವಾಯಿತು. ಜುಲೈನಲ್ಲಿ ನಿನಗೆ ಬರೆದೆ, ನೀನಾಗಿ ಹೇಳುತ್ತೀಯೇನೋ ಎಂದು. ನೀನು ಉಣ್ಣೆ ಟೋಪಿಯ ವಿಷಯ ಬರೆದೆ.

ನಿಮ್ಮಮ್ಮ ಎರಡು ದಿನ ಬಾಗಿಲು ನೋಡುತ್ತಾ ಮಲಗಿದ್ದಳು.

ವರದಿ ಸರಿಯಾಗಿದೆ. ಕಳಿಸು.

ಲೈಲ್ ಪರ್ಡಿ


ಮೇಲಿನ ಕ್ಯಾಂಪ್
ಅಕ್ಟೋಬರ್ 8, 2003

ಅಪ್ಪ,

ಹೌದು. ಮಂಗಳವಾರ ಸಂಜೆ ಹೇಳಿದ.

ಇನ್ನು ಎರಡು ಬಲೆ ಎತ್ತುವುದಿತ್ತು, ಬಿಟ್ಟುಹೋದರೆ ಕೊಳೆಯುತ್ತದೆ ಎಂದೆ. ಹುಡುಗರು ಎತ್ತುತ್ತಿದ್ದರು. ಯಾರು ಬೇಕಾದರೂ ಎತ್ತುತ್ತಿದ್ದರು. "ಮಾತು ಹೋಗಿದೆ, ಬಲಗಡೆ ಪೂರ್ತಿ ಬಿದ್ದಿದೆ, ಬಾಯಿ ಸೊಟ್ಟಗಾಗಿದೆ" ಎಂದು ಡೆಲ್ಬರ್ಟ್ ಹೇಳಿದಾಗ ನನಗೆ ಅಮ್ಮನನ್ನು ಹಾಗೆ ನೋಡಲು ಹೆದರಿಕೆಯಾಯಿತು. ಬಲೆ ನೆಪ. ನಾನು ಹೊರಟು ಕಂಡಿ ದಾಟುತ್ತಿದ್ದ ಹೊತ್ತಿಗೆ ಅಮ್ಮ ತೀರಿಹೋಗಿದ್ದರು. ಅವನು ಸುಳ್ಳು ಹೇಳಿದ್ದು ನಾನು ಕೈ ಮುಗಿದು ಕೇಳಿಕೊಂಡಿದ್ದಕ್ಕೆ. ಅವನ ಮೇಲೆ ಸಿಟ್ಟು ಮಾಡಬೇಡಿ.

ಮಣ್ಣು ಮುಗಿಸಿ ನಾಲ್ಕನೇ ದಿನಕ್ಕೆ ಓಡಿದ್ದೂ ಅದಕ್ಕೇ. ನಿಮ್ಮ ಮುಖ ನೋಡಿಕೊಂಡು ಐದನೇ ದಿನ ಆ ಮನೆಯಲ್ಲಿ ಇದ್ದಿದ್ದರೆ ಬಾಯಿ ಬಿಡುತ್ತಿದ್ದೆ.

ವರದಿ ಕಳಿಸಿದೆ. ಅದರಲ್ಲಿ ನಿಮ್ಮ ಹೆಸರಿದೆ. ಗುರುತಿಲ್ಲದ ವ್ಯಕ್ತಿ ಎಂದು ಬರೆಯಬಹುದಿತ್ತು, ಬರೆಯಲಿಲ್ಲ.

ಹಿಮ ಬೀಳುತ್ತಿದೆ, ನಾಳೆ ಕ್ಯಾಂಪು ಬಿಚ್ಚುತ್ತೇವೆ. ಐವತ್ತೆಂಟು ಹಿಡಿದಿದ್ದೇವೆ.

ಕೊರಿನ್


ಬಿಗ್ ಪೈನ್
ಡಿಸೆಂಬರ್ 14, 2003

ಕೊರಿನ್,

ಕೋರ್ಟು ಮುಗಿಯಿತು. ದಂಡ ಹಾಕಿದರು, ಕಟ್ಟಿದೆ. ಅದಲ್ಲದೆ ಮೂರು ವರ್ಷ ಬೆಟ್ಟ ಹತ್ತುವಂತಿಲ್ಲ. ನ್ಯಾಯಾಧೀಶೆ ಚಿಕ್ಕ ವಯಸ್ಸಿನ ಹೆಂಗಸು. "ಮಿಸ್ಟರ್ ಪರ್ಡಿ, ನಿಮಗೆ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದಳು. "ಮಂಡಿ ನೋವಿದೆ, ಕೂತ್ಕೊಳ್ಳಲಾ?" ಅಂದೆ. ಎಲ್ಲ ನಕ್ಕರು. ಮೂರು ವರ್ಷವೆಂದರೆ ನನಗೆ ಎಪ್ಪತ್ತನಾಲ್ಕು. ಆ ಮೇಲೆ ಯಾರು ಹತ್ತುತ್ತಾರೆ. ನಾನು ಹ್ಯಾಟಿ ಕೆರೆ ನೋಡಿದ್ದು ಅದೇ ಕೊನೆ.

ಎರಡು ವಿಷಯ ಬರೆಯಬೇಕು.

ಒಂದು. ಕೆಳಗಿನ ತೊರೆಯಲ್ಲಿ ಜಾಲರಿ ಡಬ್ಬ ಇಟ್ಟು ಹಿಡಿದದ್ದು ಎಂಬತ್ತು. ಹೇಸರಗತ್ತೆ ನಡೆಯುತ್ತಿದ್ದರೆ ನೀರು ಕುಲುಕಿ ಮೀನಿಗೆ ಉಸಿರು ಸಿಗುತ್ತದೆ. ಕಂಡಿಯ ಹತ್ತಿರ ನನಗೇ ಉಸಿರು ಸಿಗದೆ ಒಂದು ಗಂಟೆ ಕೂತೆ. ಅಲ್ಲಿ ಇಪ್ಪತ್ತು ಸತ್ತವು, ಎಣಿಸಿ ಎಸೆದೆ. ಕೆರೆಗೆ ಬಿಟ್ಟದ್ದು ಅರವತ್ತು. ನಿನಗೆ ಇನ್ನೂ ಎರಡು ಸಿಗಬೇಕು.

ಎರಡು. ನಿಮ್ಮಮ್ಮ ಬಾಗಿಲು ನೋಡುತ್ತಿದ್ದಳು ಎಂದು ಬರೆದೆನಲ್ಲ, ಅದು ಸುಳ್ಳು. ಬಿದ್ದವಳಿಗೆ ಆಮೇಲೆ ಪ್ರಜ್ಞೆಯೇ ಬರಲಿಲ್ಲ. ಎರಡು ದಿನವೂ ಬಾಗಿಲು ನೋಡುತ್ತಿದ್ದವನು ನಾನು.

ಅಪ್ಪ


ಮೇಲಿನ ಕ್ಯಾಂಪ್
ಜುಲೈ 20, 2004

ಅಪ್ಪ,

ಚಳಿಗಾಲದಲ್ಲಿ ಫೋನು ಮಾಡಿದಾಗಲೆಲ್ಲ ಹವೆಯ ಮಾತಾಡಿ ಇಟ್ಟುಬಿಟ್ಟೆವು. ಕಾಗದದಲ್ಲಿ ನನಗೆ ಸಲೀಸು.

ನೀವು ಹೇಳಿದ ಎರಡೂ ಸಿಕ್ಕವು. ಜುಲೈ ಎರಡರಂದು, ತೊರೆಯ ಮೇಲಿನ ಗುಂಡಿಯಲ್ಲಿ. ಚಳಿಗಾಲ ಕಳೆದು ಅಂಗೈಯಗಲ ಬೆಳೆದಿದ್ದವು. ನಾನೇ ಕೊಂದೆ. ಹಳೆಯ ದೊಡ್ಡವು ಹೋದ ವರ್ಷವೇ ಬಲೆಗೆ ಬಿದ್ದಿದ್ದವು. ಈಗ ಆ ನೀರಿನಲ್ಲಿ ಮೀನಿಲ್ಲ. ಇಲಾಖೆಯಿಂದ ಶಹಭಾಸ್ ಬಂತು.

ಜುಲೈ ಒಂಬತ್ತರಂದು ದಂಡೆಯಲ್ಲಿ ಒಂದು ಕಪ್ಪೆ ಮಗುಚಿ ಬಿದ್ದಿತ್ತು. ಹಾವಿರಬೇಕು, ಹಕ್ಕಿಯಿರಬೇಕು ಎಂದುಕೊಂಡೆ. ಮಾರನೇ ದಿನ ಹದಿನಾರು. ಬಂಡೆಗಳ ಮೇಲೆ ಸಾಲಾಗಿ ಕೂತಿದ್ದವು, ಹತ್ತಿರ ಹೋದರೆ ಹಾರಲಿಲ್ಲ. ಮುಟ್ಟಿದರೆ ಹಿಂಗಾಲು ಚಾಚಿಕೊಂಡು ಹಾಗೇ ಬಿದ್ದುಹೋದವು. ಇವತ್ತಿಗೆ ಇನ್ನೂರ ತೊಂಬತ್ತು ಹೆಣ ಆರಿಸಿದ್ದೇವೆ. ಇದು ಚರ್ಮಕ್ಕೆ ಹತ್ತುವ ಬೂಷ್ಟಿನ ರೋಗ. ನೀರಿನಲ್ಲಿ ಹರಡುತ್ತದೆ. ನಮ್ಮ ಹುಡುಗ ಚೀಲಕ್ಕೆ ಹಾಕುತ್ತಾ ಹಾಕುತ್ತಾ, "ಅಕ್ಕಾ, ನಾವು ಯಾರಿಗೋಸ್ಕರ ಮೀನು ಸಾಯಿಸಿದ್ವಿ?" ಎಂದು ಕೇಳಿದ. ಅವನಿಗೆ ಇನ್ನೊಂದು ಚೀಲ ಕೊಟ್ಟೆ.

ಕೊರಿನ್


ಬಿಗ್ ಪೈನ್
ಆಗಸ್ಟ್ 4, 2004

ಕೊರಿನ್,

ನಿನ್ನ ಕಾಗದ ಬಂದ ಮೇಲೆ ಎರಡು ದಿನ ಹೊರಗೆ ಹೋಗಲಿಲ್ಲ.

ಒಂದು ಪ್ರಶ್ನೆ ಇದೆ. ನೀರಿನಲ್ಲಿ ಹರಡುತ್ತದೆ ಎಂದು ಬರೆದಿದ್ದೀಯ. ನಾನು ಕ್ಯಾನಿಗೆ ತುಂಬಿದ್ದು ಡೆಲ್ಬರ್ಟ್‌ನ ಕೊಟ್ಟಿಗೆಯ ಕೆಳಗಿನ ತೊರೆಯ ನೀರು. ಅಲ್ಲಿ ದಪ್ಪ ಗಂಟಲಿನ ಬೇರೆ ಜಾತಿ ಕಪ್ಪೆಗಳಿವೆ, ಸಂಜೆ ಒದರುತ್ತವೆ. ಮೀನಿನ ಜೊತೆ ಆ ನೀರನ್ನೂ ಸುರಿದೆ. ಹತ್ತು ಗ್ಯಾಲನ್.

ಅದರಿಂದಲೇ ಬಂತಾ?

ನಾನು ಮುದುಕ ಎಂದು ಕನಿಕರಪಟ್ಟು ಬರೆಯಬೇಡ. ಆ ಕಪ್ಪೆಯನ್ನು ಅಂಗೈ ಮೇಲೆ ಇಟ್ಟುಕೊಂಡವನು ನಾನು. ನನಗೆ ಗೊತ್ತಾಗಬೇಕು.

ಅಪ್ಪ


ಮೇಲಿನ ಕ್ಯಾಂಪ್
ಆಗಸ್ಟ್ 18, 2004

ಅಪ್ಪ,

ಇದಕ್ಕೆ ಮೊದಲು ಎರಡು ಕಾಗದ ಬರೆದು ಹರಿದೆ. ಒಂದರಲ್ಲಿ ಇಲ್ಲ ಎಂದಿದ್ದೆ, ಒಂದರಲ್ಲಿ ಹೌದು ಎಂದಿದ್ದೆ.

ರೋಗ ನೋಡಲು ಬಂದಿದ್ದ ತಜ್ಞರನ್ನು ದಂಡೆಯ ಮೇಲೆ ಕೂರಿಸಿಕೊಂಡು ನಿಮ್ಮ ಪ್ರಶ್ನೆಯನ್ನೇ ಕೇಳಿದೆ. ನಿಮ್ಮ ಕ್ಯಾನಿನಲ್ಲಿ ಬಂದಿರಬಹುದು ಎಂದರು. ಹಕ್ಕಿಯ ಕಾಲಿನಲ್ಲಿ ಬಂದಿರಬಹುದು. ಈ ರೋಗ ಕಣಿವೆಯಿಂದ ಕಣಿವೆಗೆ ತಾನಾಗಿಯೇ ಹತ್ತಿ ಬರುತ್ತಿತ್ತು, ಇವತ್ತಲ್ಲದಿದ್ದರೆ ನಾಳೆ ಬರುತ್ತಿತ್ತು ಎಂದೂ ಅಂದರು. ಕಾಗದವನ್ನು ಅಲ್ಲಿಗೇ ನಿಲ್ಲಿಸಿದ್ದರೆ ನಿಮಗೆ ನಿದ್ದೆ ಬರುತ್ತಿತ್ತು.

ಆಮೇಲೆ ಅವರು, "ನೀವು ಬಲೆ, ಬೂಟು ಒಣಗಿಸಿ ಒಯ್ತಿದ್ರಾ?" ಎಂದು ಕೇಳಿದರು. ಈಗ ಒಣಗಿಸುತ್ತೇವೆ. ಮೊದಲ ಎರಡು ಬೇಸಿಗೆ ಒಣಗಿಸಲಿಲ್ಲ. ಬೇಗ ಮುಗಿಸಬೇಕೆಂಬ ಆತುರಕ್ಕೆ ಕೆಳಗಿನ ಸರೋವರದಲ್ಲಿ ಎತ್ತಿದ ಬಲೆಯನ್ನು ಹಸಿಹಸಿಯಾಗಿಯೇ ಬೆನ್ನಿಗೆ ಹೇರಿಕೊಂಡು ಬಂದು ಮೇಲೆ ಬಿಡುತ್ತಿದ್ದೆವು. ಹಾಗೆ ಮಾಡಿ ಎಂದವಳು ನಾನೇ. ಕೆಳಗಿನ ಸರೋವರದ ಕಪ್ಪೆಗಳು ಎಂದೋ ಸತ್ತಿದ್ದವು, ಏಕೆಂದು ಆಗ ಯಾರೂ ಕೇಳಿರಲಿಲ್ಲ.

ನೀವೋ ನಾನೋ ಎಂದರೆ, ಅದು ಇನ್ನು ಎಂದಿಗೂ ತಿಳಿಯುವುದಿಲ್ಲವಂತೆ. ನನಗೆ ಗೊತ್ತಿರುವುದು ಇಷ್ಟೇ. ಇದಕ್ಕಿಂತ ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ.

ನಿನ್ನೆ ಕೊನೆಯ ಎಣಿಕೆ ಮಾಡಿದೆ. ಸುತ್ತು ಹಾಕಲು ನಲವತ್ತು ನಿಮಿಷ ಬೇಕು. ಗಾಳಿ ಇರಲಿಲ್ಲ, ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು. ಕಪ್ಪೆ ಇರಲಿಲ್ಲ, ಗೊದಮೊಟ್ಟೆ ಇರಲಿಲ್ಲ, ಮೀನೂ ಇರಲಿಲ್ಲ. ಅಷ್ಟು ದೊಡ್ಡ ನೀರಿನಲ್ಲಿ ಅಲುಗುವಂಥದ್ದು ಏನೂ ಇರಲಿಲ್ಲ. ಆದರೂ ಪೂರ್ತಿ ಸುತ್ತು ನಡೆದೆ.

ವರದಿಯಲ್ಲಿ ಕಾರಣ ಎಂಬ ಕಡೆ ಅನುಮಾನವಿರುವ ಎರಡನ್ನೂ ಬರೆದಿದ್ದೇನೆ, ಪರ್ಡಿಯ ಕ್ಯಾನು, ಪರ್ಡಿಯ ಬಲೆ ಎಂದು. ಓದುವವರು ನಮ್ಮಿಬ್ಬರನ್ನೂ ಒಬ್ಬರೇ ಎಂದುಕೊಳ್ಳಬಹುದು.

ಕೆಲಸ ನಿಲ್ಲಿಸಿದ್ದಾರೆ. ಶುಕ್ರವಾರ ಇಳಿದು ಮನೆಗೆ ಬರುತ್ತೇನೆ. ಎದುರು ನಿಂತು ಇದನ್ನೆಲ್ಲ ಹೇಳಲು ನನ್ನಿಂದಾಗದು, ಅದಕ್ಕೇ ಕಾಗದವನ್ನು ಮುಂಚೆ ಕಳಿಸುತ್ತಿದ್ದೇನೆ. ಓದಿ ಎತ್ತಿಡಿ. ನಾನು ಬಂದಾಗ ಏನೂ ಕೇಳಬೇಡಿ. ಊಟಕ್ಕೆ ಕೂರೋಣ.

ಕೊರಿನ್